ಯಕೃತ್ತಿಗೆ ಸ್ವಲ್ಪ ಬೇಸರವಾಗಿದೆ

ಮಾರ್ಚ್ ೪, ಸೋಮವಾರ

ನನ್ನ ಕುತ್ತಿಗೆಯಲ್ಲಿ ಬಾಡಿಗೆಯಿಲ್ಲದೆ ಕುಳಿತಿದ್ದ ಗಂಟಿಗೆ ಇಂದು ಹೆಸರು ಸಿಕ್ಕಿತು: ಕ್ಷಯ. ಕೆಮ್ಮಿಲ್ಲ, ರಕ್ತವಿಲ್ಲ, ಕಥೆಗಳಲ್ಲಿ ಕ್ಷಯದ ಹೆಣ್ಣುಗಳಿಗೆ ಬರುವ ಬಿಳಿಚಿದ ಸೌಂದರ್ಯವೂ ಇಲ್ಲ. ಕಿವಿಯ ಕೆಳಗೆ ನೆಲ್ಲಿಕಾಯಿ ಗಾತ್ರದ ಗಡ್ಡೆ, ಅಷ್ಟೆ. ಇದು ಯಾರಿಗೂ ಅಂಟುವ ಬಗೆಯದಲ್ಲವಂತೆ, ಆಫೀಸಿಗೆ ಹೋಗಬಹುದಂತೆ. ಇದನ್ನು ಕೇಳಿ ಸಮಾಧಾನವಾಯಿತೋ ನಿರಾಸೆಯಾಯಿತೋ ಎಂದು ಬಸ್ಸಿನಲ್ಲಿ ಕುಳಿತು ಯೋಚಿಸಿದೆ. ನಿರಾಸೆಯೇ.

ಆರು ತಿಂಗಳು ಮಾತ್ರೆ. ಒಂದು ದಿನವೂ ತಪ್ಪಿಸುವಂತಿಲ್ಲ ಎಂದು ನರ್ಸ್ ಬೆರಳೆತ್ತಿ ಹೇಳಿದರು. ಊಟ ಸೇರದಿದ್ದರೆ, ವಾಂತಿಯಾದರೆ, ಕಣ್ಣು ಹಳದಿಯಾದರೆ ಮಾತ್ರ ನಿಲ್ಲಿಸಿ ತಕ್ಷಣ ಬರಬೇಕು ಎಂದೂ ಹೇಳಿದರು. ಜೊತೆಗೆ ಬಂದಿದ್ದ ಅಮ್ಮ ಮೊದಲನೆಯದನ್ನು ಪೂರ್ತಿ ಕೇಳಿಸಿಕೊಂಡಳು. ಎರಡನೆಯದರ ಹೊತ್ತಿಗೆ ಬೆಂಚಿನ ಕೆಳಗೆ ತನ್ನ ಕೊಡೆ ಹುಡುಕುತ್ತಿದ್ದಳು.

ಮಾತ್ರೆ ನುಂಗಿಸುವ ಜವಾಬ್ದಾರಿ ಹೊತ್ತು ಅಮ್ಮ ನಮ್ಮ ಮನೆಗೆ ಬಂದಿಳಿದಿದ್ದಾಳೆ. ಅವಳ ತಂಗಿ, ನನ್ನ ಚಿಕ್ಕಮ್ಮ, ಇದೇ ಕಾಯಿಲೆಯಲ್ಲಿ ಹೋದವಳು. ಆಗ ನಾನು ಕೂಸು. ಸರಿಯಾಗಿ ಮಾತ್ರೆ ತೆಗೆದುಕೊಳ್ಳಲಿಲ್ಲ, ಕೊನೆಗೆ ಕಾಮಾಲೆ ಬಂತು, ಹೋದಳು: ಇಷ್ಟೇ ನಮ್ಮ ಮನೆಯಲ್ಲಿ ಅವಳ ಕಥೆ. ನನ್ನ ವಿಷಯದಲ್ಲಿ ಹಾಗಾಗಲು ಬಿಡುವುದಿಲ್ಲವೆಂದು ಅಮ್ಮ ಸೂಟ್‌ಕೇಸು ಬಿಚ್ಚುವ ಮೊದಲೇ ಸಾರಿದಳು. "ನೀನು ಹುಟ್ಟಾ ನಿಧಾನಿ. ನಿನ್ನ ಕೈಗೇ ಬಿಟ್ಟರೆ ಇವತ್ತಿನ ಮಾತ್ರೆ ನಾಡಿದ್ದು ನುಂಗ್ತೀಯ."

ಈ ದಿನಚರಿಯನ್ನು ಇಂಗ್ಲಿಷಿನಲ್ಲಿ ಶುರು ಮಾಡಿದ್ದೆ. ಓದಿದ್ದೆಲ್ಲ ಅದರಲ್ಲೇ. ಮೊದಲ ವಾಕ್ಯ ಓದಿ ನೋಡಿದರೆ ಮ್ಯಾನೇಜರಿಗೆ ಬರೆದ ಹಾಗಿತ್ತು. ಹರಿದು ಹಾಕಿದೆ.

ಮಾರ್ಚ್ ೯, ಶನಿವಾರ

ಬೆಳಿಗ್ಗೆ ಏಳುವಷ್ಟರಲ್ಲಿ ಅಮ್ಮ ಮಂಚದ ಪಕ್ಕ ಲೋಟ ಹಿಡಿದು ನಿಂತಿರುತ್ತಾಳೆ. ಇಟ್ಟಿಗೆ ಬಣ್ಣದ ಮಾತ್ರೆಗಳು. ನಾಲ್ಕು ಔಷಧಗಳನ್ನು ಒಟ್ಟಿಗೆ ಕಲಸಿ ಒತ್ತಿದ್ದಾರೆ. ನುಂಗಿದ ಮೇಲೆ ಬಾಯಿ ತೆರೆದು ತೋರಿಸಬೇಕು. ನಲವತ್ತಾರು ವರ್ಷದವಳು ನಾನು. ತೋರಿಸುತ್ತೇನೆ.

ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದೆ. ಇದು ಮಾತ್ರೆಯ ಬಣ್ಣ, ಹೆದರಬೇಡಿ ಎಂದು ಮೊದಲೇ ಹೇಳಿದ್ದರು. ಆದರೂ ಇವರಿಗೆ ಹೇಳಿದೆ. ನನ್ನ ಗಂಡನಿಗೆ ಬಣ್ಣದ ಅಂಗಡಿ. ಗೋಡೆಗೆ ಬಳಿಯುವ ಬಣ್ಣ ಕಲಸಿ ಕೊಡುವುದೇ ಕಸುಬು, ಲೋಕದಲ್ಲಿ ಏನೇ ಕಂಡರೂ ಅದಕ್ಕೆ ತಮ್ಮ ಬಣ್ಣದ ಪಟ್ಟಿಯಲ್ಲಿ ಹೆಸರು ಹುಡುಕುತ್ತಾರೆ. ಯೋಚಿಸಿ, "ಸಂಜೆಗೆಂಪು ಇರಬಹುದು. ಊಟದ ಕೋಣೆಗೆ ಬಹಳ ಜನ ತಗೊಳ್ತಾರೆ" ಎಂದರು.

ಮಾರ್ಚ್ ೧೯, ಮಂಗಳವಾರ

ನಾನು ಲಿಫ್ಟ್ ಕಂಪನಿಯೊಂದರ ದೂರು ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಜನ ಬೈದು ಬರೆಯುತ್ತಾರೆ. ನಾನು ಅದನ್ನು ಮೇಲಿನವರಿಗೆ ನೋವಾಗದ ಹಾಗೆ ತೊಳೆದು, ಹಿಂಡಿ, ವರದಿ ಮಾಡುತ್ತೇನೆ. ಇಂದು ಕೇಕ್ ಮಾಡುವ ಹೆಂಗಸೊಬ್ಬಳು ಬರೆದಿದ್ದಳು. ಮೂರಂತಸ್ತಿನ ಕೇಕಿನೊಂದಿಗೆ ನಮ್ಮ ಲಿಫ್ಟಿನಲ್ಲಿ ಸಿಕ್ಕಿಬಿದ್ದಿದ್ದಳಂತೆ. "ನಾನೂ ನನ್ನ ಕೇಕೂ ಒಟ್ಟಿಗೆ ಕರಗಿದೆವು. ನಿಮ್ಮ ಮುಖ್ಯಸ್ಥರನ್ನು ಅದೇ ಡಬ್ಬಿಯಲ್ಲಿ ಕೂರಿಸಿ ಬೇಯಿಸಬೇಕು." ಇದನ್ನು ಓದಿ, ನೀರು ಕುಡಿದು, ಹೀಗೆ ಬರೆದೆ: ಗ್ರಾಹಕರು ಸ್ವಲ್ಪ ಬೇಸರಗೊಂಡಿದ್ದಾರೆ.

ಮ್ಯಾನೇಜರು ಬಹಳ ಚೆನ್ನಾಗಿದೆ ಎಂದರು. ನನ್ನನ್ನು ಅವರು 'ನಮ್ಮ ಫಿಲ್ಟರ್' ಎಂದು ಕರೆಯುತ್ತಾರೆ. ಹೊಗಳಿಕೆ ಎಂದೇ ಇಷ್ಟು ವರ್ಷ ತಿಳಿದಿದ್ದೇನೆ.

ಸಂಜೆ ಕ್ಲಿನಿಕ್ಕಿನಿಂದ ನರ್ಸ್ ಫೋನ್ ಮಾಡಿ ಹೇಗಿದ್ದೀರಿ ಎಂದರು. ನಾಲ್ಕು ದಿನದಿಂದ ಅನ್ನ ಕಂಡರೆ ಓಡಿಹೋಗಬೇಕೆನಿಸುತ್ತದೆ. ಚಹಾದ ವಾಸನೆಗೆ ಹೊಟ್ಟೆ ತೊಳಸುತ್ತದೆ. "ಹಸಿವು ಸ್ವಲ್ಪ ಕಡಿಮೆ" ಎಂದೆ.

ಮಾರ್ಚ್ ೨೫, ಸೋಮವಾರ

ನುಂಗಿದ ಮಾತ್ರೆ ಹಾಗೇ ವಾಪಸು ಬಂತು. ಇವತ್ತು ಬೇಡ ಅಮ್ಮ ಎಂದೆ. ಅಮ್ಮ ನೆಲ ಒರೆಸಿ, ಕೈ ತೊಳೆದು, ಹೊಸ ಮಾತ್ರೆ ತಂದಳು.

"ನಾಟಕ ಆಡಬೇಡ. ನಿನ್ನ ಚಿಕ್ಕಮ್ಮನೂ ಹೀಗೇ ಆಡ್ತಿದ್ದಳು. ಏನಾಯ್ತು ಗೊತ್ತಲ್ಲ?"

ಗೊತ್ತು. ನುಂಗಿದೆ. ಅಮ್ಮನೊಡನೆ ವಾದಿಸಿ ಗೆಲ್ಲುವುದಕ್ಕಿಂತ ಮಾತ್ರೆಯೇ ಸುಲಭ. ಮೊದಲಿಂದಲೂ ನನ್ನ ಲೆಕ್ಕಾಚಾರ ಇದೇ: ಯಾವುದನ್ನು ನುಂಗುವುದು ಸುಲಭವೋ ಅದನ್ನು ನುಂಗು. ಇದು ವಿವೇಕವೋ ಸೋಮಾರಿತನವೋ? ಬಿಡುವಾದಾಗ ಯೋಚಿಸಬೇಕು.

ಮತ್ತೆ ನರ್ಸ್ ಫೋನು. ಸ್ವಲ್ಪ ವಾಕರಿಕೆ, ಗಾಬರಿ ಪಡುವಂಥದ್ದೇನಿಲ್ಲ ಎಂದೆ. ಪಾಪ, ಅವರಿಗೂ ನೂರೆಂಟು ರೋಗಿಗಳಿರುತ್ತಾರೆ.

ಮಾರ್ಚ್ ೩೦, ಶನಿವಾರ

ಸುಸ್ತು. ಪೆನ್ನು ಭಾರ.

ಏಪ್ರಿಲ್ ೨, ಮಂಗಳವಾರ

ಆಸ್ಪತ್ರೆಯ ಮಂಚದಿಂದ ಬರೆಯುತ್ತಿದ್ದೇನೆ.

ಅಮ್ಮ ಹೊರಗೆ ಹೋಗಿದ್ದಳು, ಮನೆಯ ಬೀಗದ ಕೈ ಮರೆತಿದ್ದ ನಾನು ಮಧ್ಯಾಹ್ನ ಇವರ ಅಂಗಡಿಗೆ ಹೋದೆ. ಬಾಗಿಲಲ್ಲಿ ಬಿಸಿಲಿತ್ತು. ಬೀಗದ ಕೈ ಕೊಡುತ್ತಿದ್ದವರು ಅಲ್ಲೇ ನಿಂತುಬಿಟ್ಟರು. ಇಲ್ಲಿ ನೋಡು ಎಂದರು, ಬೆಳಕಿನ ಕಡೆ ಎಂದರು. ಆಮೇಲೆ ಬಣ್ಣದ ಪಟ್ಟಿ ತಂದು ನನ್ನ ಕಣ್ಣಿನ ಪಕ್ಕ ಹಿಡಿದರು. ಬಿಳಿಗಳ ಸಾಲಿನಲ್ಲಿ ಮೊದಲನೆಯದು 'ಮೊಲದ ಹಲ್ಲು'. ಬೆರಳು ಅಲ್ಲಿಂದ ಕೆಳಗಿಳಿಯಿತು. 'ಬೆಣ್ಣೆ ಬೆಳಗು' ದಾಟಿತು. ಬಚ್ಚಲುಮನೆಗೆ ಬಣ್ಣ ಕೇಳಲು ಬಂದಿದ್ದ ಗಿರಾಕಿಯೊಬ್ಬರು ತಾವೂ ಬಗ್ಗಿ ನೋಡಿ, "ಒಣಹುಲ್ಲು ಅಲ್ವಾ?" ಎಂದರು.

"ಒಣಹುಲ್ಲೇ" ಎಂದರು ಇವರು. ಅಂಗಡಿಯನ್ನು ಆ ಗಿರಾಕಿಯ ಕೈಗೇ ಬಿಟ್ಟು ನನ್ನನ್ನು ಇಲ್ಲಿಗೆ ಕರೆತಂದರು.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ. ಸುಳ್ಳು. ನನಗೆ ಎಲ್ಲವೂ ಎಂದಿನಂತೆಯೇ ಕಾಣುತ್ತಿತ್ತು. ಅದೇ ತೊಂದರೆ.

ಡಾಕ್ಟರು ನನಗಿಂತ ಚಿಕ್ಕವರು, ಹತ್ತು ವರ್ಷವಾದರೂ. ಮಾತ್ರೆಗಳನ್ನೆಲ್ಲ ಕೂಡಲೇ ನಿಲ್ಲಿಸಿದರು. ಇನ್ನೊಂದು ವಾರ ನುಂಗಿದ್ದರೆ ತಮ್ಮ ಕೈಯಲ್ಲೂ ಇರುತ್ತಿರಲಿಲ್ಲ ಎಂದರು. ಆಮೇಲೆ ನರ್ಸ್ ಬರೆದುಕೊಂಡಿದ್ದನ್ನು ಓದಿದರು. ಹಸಿವು ಸ್ವಲ್ಪ ಕಡಿಮೆ. ಸ್ವಲ್ಪ ವಾಕರಿಕೆ. ಗಾಬರಿ ಪಡುವಂಥದ್ದೇನಿಲ್ಲ.

"ಇದನ್ನ ಯಾರು ಹೇಳಿದ್ದು?"

"ನಾನೇ."

"ನಿಮ್ಮ ಲಿವರ್ ಹೀಗೆ ಹೇಳ್ತಿಲ್ಲ ಮೇಡಂ. ಅದು ಬಾಯಿ ಬಡ್ಕೊಳ್ತಿದೆ."

ಯಕೃತ್ತಿಗೆ ಸ್ವಲ್ಪ ಬೇಸರವಾಗಿದೆ ಎಂದು ನಾನು ಮೇಲಿನವರಿಗೆ ವರದಿ ಕಳಿಸಿದ್ದೆ. ಅಷ್ಟೆ.

ಏಪ್ರಿಲ್ ೫, ಶುಕ್ರವಾರ

ಅಮ್ಮನಿಗೆ ಡಾಕ್ಟರ ಮೇಲೆ ಪಿತ್ತ ನೆತ್ತಿಗೇರಿದೆ. (ನನ್ನದು ಕಣ್ಣಿಗೇರಿದೆ. ಮನೆಮಂದಿಯೆಲ್ಲ ಒಂದೊಂದು ಮಹಡಿಯಲ್ಲಿ.) ಒಂದು ದಿನ ತಪ್ಪಿಸಬಾರದ ಮಾತ್ರೆಯನ್ನು ಮೂರು ದಿನದಿಂದ ತಪ್ಪಿಸಿದ್ದಾರೆ, ಈ ಡಾಕ್ಟರು ಓದಿದ್ದಾರೋ ಇಲ್ಲವೋ ಎಂದು ವಾರ್ಡಿನ ಎಲ್ಲರಿಗೂ ಕೇಳುವ ಹಾಗೆ ವಿಚಾರಿಸಿದಳು. ಮಧ್ಯಾಹ್ನ ನರ್ಸ್ ಆಚೆ ಹೋದಾಗ ಸೆರಗಿನ ಗಂಟು ಬಿಚ್ಚಿದಳು. ಇಟ್ಟಿಗೆ ಬಣ್ಣದ ಮಾತ್ರೆಗಳು. ಮನೆಯಿಂದ ತಂದಿದ್ದಾಳೆ.

"ಯಾರಿಗೂ ಗೊತ್ತಾಗಲ್ಲ. ನುಂಗಿಬಿಡು."

ನನ್ನ ಬಾಯಿ ಅಭ್ಯಾಸಬಲದಿಂದ ಅರ್ಧ ತೆರೆದೇ ಬಿಟ್ಟಿತ್ತು. ನಾನು ಅದನ್ನು ಮುಚ್ಚಿದ್ದು ಧೈರ್ಯದಿಂದ ಅಂತೇನೂ ಅಲ್ಲ, ವಾಕರಿಕೆ ಬಂತು. ಮುಚ್ಚಿದ ಬಾಯಿಯಲ್ಲೇ ತಲೆ ಅಲ್ಲಾಡಿಸಿದೆ. ಅಮ್ಮ ಬಹಳ ಹೊತ್ತು ಕಾದು, ಮಾತ್ರೆಗಳನ್ನು ಮತ್ತೆ ಗಂಟು ಕಟ್ಟಿ, ನನಗೆ ಬೆನ್ನು ಹಾಕಿ ಕುಳಿತಳು.

ಏಪ್ರಿಲ್ ೧೬, ಮಂಗಳವಾರ

ಕಣ್ಣು 'ಬೆಣ್ಣೆ ಬೆಳಗಿ'ಗೆ ಏರಿದೆ. ಇವರು ದಿನವೂ ಪಟ್ಟಿ ಹಿಡಿದು ಬರುತ್ತಾರೆ.

ಇಂದು ಜೀನ್ ಪರೀಕ್ಷೆಯ ವರದಿ ಬಂತು. ಡಾಕ್ಟರು ಕುರ್ಚಿ ಎಳೆದುಕೊಂಡು ಕುಳಿತು ವಿವರಿಸಿದರು. ಆ ನಾಲ್ಕು ಔಷಧಗಳಲ್ಲಿ ಒಂದು ಐಸೋನಿಯಾಜಿಡ್. ಅದು ರೋಗಾಣುವನ್ನು ಕೊಂದ ಮೇಲೆ ಅದನ್ನೂ ಮನೆಯಿಂದ ಸಾಗಹಾಕಬೇಕಲ್ಲ, ಇಲ್ಲದಿದ್ದರೆ ಅದೇ ನಂಜು. ಸಾಗಹಾಕುವ ಕೆಲಸಕ್ಕೆ ಯಕೃತ್ತಿನಲ್ಲಿ ಒಂದು ಕಿಣ್ವವಿದೆ. ಔಷಧದ ಕಣಕಣಕ್ಕೂ ಪುಟ್ಟ ಬಾಲ ಅಂಟಿಸಿ, ನೀನಿನ್ನು ಹೊರಡು ಎಂದು ಕಳಿಸುತ್ತದೆ. ಆ ಕಿಣ್ವವನ್ನು ಮಾಡಿಸುವ ಜೀನಿನ ಹೆಸರು ನ್ಯಾಟ್ ಟೂ. ಕೆಲವರಲ್ಲಿ ಅದು ಚುರುಕು, ಕೆಲವರಲ್ಲಿ ನಿಧಾನ. ನಿಧಾನವಾದರೆ ಔಷಧ ಹೊತ್ತುಗಟ್ಟಲೆ ರಕ್ತದಲ್ಲೇ ಕುಳಿತು ಯಕೃತ್ತನ್ನು ಸುಡುವ ಕಸವಾಗಿ ಒಡೆಯುತ್ತದೆ.

"ನಿಮ್ಮದು ನಿಧಾನದ ಜೀನು" ಎಂದರು ಡಾಕ್ಟರು.

ಇವರು ಕೆಮ್ಮಿದರು. ನಾನು ಕಿಟಕಿ ನೋಡಿದೆ. ನಲವತ್ತು ವರ್ಷದಿಂದ ಅಮ್ಮ ಬಾಯಿಮಾತಿನಲ್ಲಿ ಹೇಳುತ್ತಿದ್ದುದನ್ನು ಪ್ರಯೋಗಾಲಯ ಮೊಹರು ಹಾಕಿ ಕಳಿಸಿತ್ತು.

ಆದರೆ ಅಮ್ಮನಿಗೆ ಬೇರೆಯೇ ಕೇಳಿಸಿತ್ತು. "ನಮ್ಮ ಕಡೆ ಜೀನರು ಯಾರೂ ಇಲ್ಲ. ಇವಳಪ್ಪ ಒಬ್ಬರೇ ಜೀನ. ಒಂದು ಸೋಪು ಮೂರು ಹೋಳು ಮಾಡಿ ಕೊಡ್ತಿದ್ದರು."

ಅದು ಜಿಪುಣತನವಲ್ಲ, ವಂಶವಾಹಿ ಎಂದು ಡಾಕ್ಟರು ಬಿಡಿಸಿ ಹೇಳಿದರು. ಹಾಗಾದರೆ ಅದೂ ಇವಳಪ್ಪನಿಂದಲೇ ಬಂದದ್ದು, ಅವರು ಶೂ ಲೇಸು ಕಟ್ಟುವಷ್ಟರಲ್ಲಿ ರೈಲು ಹೋಗಿರುತ್ತಿತ್ತು ಎಂದಳು ಅಮ್ಮ. ಡಾಕ್ಟರಿಗೆ ನಗು ಬಂದರೂ ತಡೆದುಕೊಂಡರು. ಶೂ ಲೇಸಿಗೂ ಈ ಜೀನಿಗೂ ಸಂಬಂಧವಿಲ್ಲವಂತೆ. ನಡೆನುಡಿಯಲ್ಲಿ ಗಾಳಿಯಂತಿರುವವರಲ್ಲೂ ಅದು ನಿಧಾನವಿರಬಹುದಂತೆ. ಎಷ್ಟೋ ದೇಶಗಳಲ್ಲಿ ಅರ್ಧಕ್ಕರ್ಧ ಜನ ಹೀಗೇ, ಅವರಲ್ಲೂ ಬಹಳ ಮಂದಿಗೆ ಈ ಮಾತ್ರೆಯಿಂದ ಏನೂ ಆಗುವುದಿಲ್ಲವಂತೆ, ಅಪಾಯ ಹೆಚ್ಚು ಅಷ್ಟೆ. ಮತ್ತೆ, ಪ್ರತಿಯೊಬ್ಬರಲ್ಲೂ ಈ ಜೀನಿನ ಎರಡು ಪ್ರತಿ. ನನ್ನಂಥವರಲ್ಲಿ ಎರಡೂ ನಿಧಾನ. ಒಂದು ಅಪ್ಪನಿಂದ, ಒಂದು ಅಮ್ಮನಿಂದ.

ಅಮ್ಮ ಇದನ್ನು ಜೀರ್ಣಿಸಿಕೊಳ್ಳಲು ಸಮಯ ತೆಗೆದುಕೊಂಡಳು. ನಾನು ಆ ದೃಶ್ಯವನ್ನು ಸವಿಯುತ್ತಿದ್ದೆ, ಸುಳ್ಳೇಕೆ. ಆಗ ಅವಳು ಕೇಳಿದಳು:

"ಒಡಹುಟ್ಟಿದವರಿಗೂ ಇರುತ್ತಾ ಇದು?"

"ಇರಬಹುದು" ಎಂದರು ಡಾಕ್ಟರು.

ನನಗೆ ಸವಿಯುವುದು ಸಾಕೆನಿಸಿತು.

ಏಪ್ರಿಲ್ ೧೭, ಬುಧವಾರ

ಅಮ್ಮ ಬ್ರೆಡ್ಡಿನ ಅಂಚು ಕತ್ತರಿಸುತ್ತಿದ್ದಳು. ತಲೆ ಎತ್ತದೆ ಹೇಳಿದಳು:

"ಅವಳೂ ಬೇಡ ಅಂದಿದ್ದಳು. ಮೂಗು ಹಿಡಿದು ನುಂಗಿಸ್ತಿದ್ದೆ. ಒಂದು ದಿನವೂ ತಪ್ಪಿಸಿಲ್ಲ ನಾನು."

ಅಂದರೆ ಇಷ್ಟು ವರ್ಷ ನಾವು ಕೇಳಿದ ಕಥೆ ಉಲ್ಟಾ. ಚಿಕ್ಕಮ್ಮ ಮಾತ್ರೆ ಬಿಟ್ಟು ಸತ್ತವಳಲ್ಲ. ಒಂದೂ ಬಿಡದೆ ನುಂಗಿದವಳು.

ಪರವಾಗಿಲ್ಲ ಅಮ್ಮ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದು ನಿಂತಿತು. ನನ್ನ ಬಾಯಲ್ಲಿ ಅದು ಸದಾ ಸಿದ್ಧವಿರುವ ಸರಕು. ಆದರೆ ಪರವಾಗಿಲ್ಲ ಎನ್ನಲು ನಾನು ಯಾರು? ಸತ್ತದ್ದು ನಾನಲ್ಲ. ಚಿಕ್ಕಮ್ಮನ ಜೀನು ನಿಧಾನವಿತ್ತೋ ಚುರುಕಾಗಿತ್ತೋ ಇನ್ನು ಯಾವ ಪ್ರಯೋಗಾಲಯಕ್ಕೂ ತಿಳಿಯುವುದಿಲ್ಲ. ಅಮ್ಮ ಕೊಂದಳೆಂದೂ ಹೇಳಲಾಗದು, ಉಳಿಸಿದಳೆಂದಂತೂ ಹೇಳಲಾಗದು. ಯೋಚಿಸಿ ಯೋಚಿಸಿ, ನಿಜವಾದದ್ದು ಒಂದೇ ಸಿಕ್ಕಿತು.

"ನಿನಗೆ ಗೊತ್ತಿರಲಿಲ್ಲ" ಎಂದೆ.

"ಅವಳಿಗೆ ಗೊತ್ತಿತ್ತು" ಎಂದಳು ಅಮ್ಮ. ಬ್ರೆಡ್ಡಿನ ತಟ್ಟೆ ನನ್ನ ಮುಂದಿಟ್ಟು, ಕತ್ತರಿಸಿದ ಅಂಚುಗಳನ್ನು ತಾನೇ ತಿಂದಳು.

ಮೇ ೬, ಸೋಮವಾರ

ಮನೆ. ಕಣ್ಣು ಪಟ್ಟಿಯ ಪ್ರಕಾರ 'ಮೊಲದ ಹಲ್ಲಿ'ನ ಹತ್ತಿರ.

ಗಂಟು ಇನ್ನೂ ಇದೆ, ಆದ್ದರಿಂದ ಮಾತ್ರೆ ಮತ್ತೆ ಶುರುವಾಗಬೇಕು. ಈ ಸಲ ಒಂದೊಂದಾಗಿ. ಯಾವುದು ಮನೆ ಮುರಿಯುವುದೋ ಗೊತ್ತಾಗಲಿ ಎಂದು. ಮೊದಲ ಔಷಧ ತಗಾದೆ ಮಾಡದೆ ಇಳಿಯಿತು. ಇಂದು ಐಸೋನಿಯಾಜಿಡ್, ಕಡಿಮೆ ಪ್ರಮಾಣದಲ್ಲಿ. ಇದು ಒಗ್ಗಿದರೆ ಒಳ್ಳೆಯದು, ಒಗ್ಗದಿದ್ದರೆ ಅದನ್ನು ಬಿಟ್ಟು ಬಹುಕಾಲ ಬೇರೆ ದಾರಿ ಹಿಡಿಯಬೇಕು. ಆದರೆ ಈ ಸಲವೂ ಸ್ವಲ್ಪ ಸ್ವಲ್ಪ ಎಂದು ಮುಚ್ಚಿಟ್ಟರೆ ಯಕೃತ್ತು ಇನ್ನೊಂದು ಅವಕಾಶ ಕೊಡುವುದಿಲ್ಲ ಎಂದರು ಡಾಕ್ಟರು. ಏನೇ ಆದರೂ ಕಚ್ಚಾ ರೂಪದಲ್ಲೇ ಹೇಳಿ, ನಿಮ್ಮ ಸಂಸ್ಕಾರ ಬೇಡ ಎಂದರು.

ಅಮ್ಮ ಲೋಟ ತಂದಳು. ಮಾತ್ರೆ ತರಲಿಲ್ಲ. "ಡಬ್ಬಿ ಅಲ್ಲಿದೆ" ಎಂದು ಗೋಡೆಗೆ ಹೇಳಿದಳು. ನಾನೇ ತೆಗೆದುಕೊಂಡೆ. ಬಾಯಿ ತೆರೆದು ತೋರಿಸಿದೆ. "ಮುಚ್ಚೇ" ಎಂದಳು.

ಮೇ ೯, ಗುರುವಾರ

ಬೆಳಿಗ್ಗೆಯಿಂದ ಹೊಟ್ಟೆ ತೊಳಸಿ ಎರಡು ಸಲ ವಾಂತಿ. ಅಮ್ಮ ಪಟ್ಟಿ ಹಿಡಿದು ನನ್ನನ್ನು ಕಿಟಕಿಗೆ ಎಳೆದಳು. ಅವಳ ಕಣ್ಣಲ್ಲಿದ್ದದ್ದನ್ನು ಬರೆಯಲಾರೆ.

ನಾನೇ ಫೋನ್ ಮಾಡಿದೆ. ನರ್ಸ್ ಎತ್ತಿದರು. "ನೋಡಿ, ಹೊಟ್ಟೆಯೊಳಗೆ ಯಾರೋ ಒದ್ದೆ ಬಟ್ಟೆ ಹಿಂಡ್ತಿದ್ದಾರೆ. ಊಟ ಅಂದ ಕೂಡಲೇ ಅಂದವರನ್ನ ಹೊಡೆಯೋಣ ಅನ್ಸುತ್ತೆ. ಗಾಬರಿಯಾಗಿದೆ. ಡಾಕ್ಟರನ್ನ ಈಗಲೇ ಕೊಡಿ, ಆಮೇಲೆ ಬೇಡ." ಯಾರು ಮಾತಾಡುತ್ತಿರುವುದು ಎಂದು ಅವರು ಕೇಳಿದರು.

ರಕ್ತ ಕೊಟ್ಟು ಸಂಜೆಯವರೆಗೆ ಕಾಯಬೇಕಾಯಿತು. ಆಸ್ಪತ್ರೆಯ ಬೆಂಚಿನಲ್ಲಿ ಅಮ್ಮ, ನಾನು, ಇವರು. ಅಮ್ಮ ಕೊಡೆಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು, ಈ ಸಲ ಒಂದು ಪದವೂ ತಪ್ಪಿಹೋಗಬಾರದೆಂಬಂತೆ. ಕೊನೆಗೆ ಡಾಕ್ಟರು ಬಂದರು. ಯಕೃತ್ತು ಸುಖವಾಗಿದೆ. ನಿನ್ನೆ ಏನು ತಿಂದಿರಿ ಎಂದರು. ಆಫೀಸಿನ ಕೆಳಗಿನ ಅಂಗಡಿಯಲ್ಲಿ ಮೊಟ್ಟೆಯ ಸ್ಯಾಂಡ್‌ವಿಚ್. ನನ್ನ ಜೊತೆ ತಿಂದ ಲೆಕ್ಕಪತ್ರ ವಿಭಾಗದವರೂ ಇಂದು ರಜಾ ಎಂದು ಆಗ ನೆನಪಾಯಿತು.

ಸುಮ್ಮನೆ ಎಲ್ಲರನ್ನೂ ಹೆದರಿಸಿದೆ ಎಂದು ಕ್ಷಮೆ ಕೇಳಿದೆ. "ಹೀಗೇ ಹೆದರಿಸ್ತಾ ಇರಿ" ಎಂದರು ಡಾಕ್ಟರು.

ಜೂನ್ ೧೮, ಮಂಗಳವಾರ

ಔಷಧಗಳು ಒಗ್ಗಿವೆ. ಗಂಟು ಬಟಾಣಿ ಗಾತ್ರಕ್ಕೆ ಇಳಿದಿದೆ. ಬೆಳಿಗ್ಗೆ ಕಿಟಕಿಯ ಹತ್ತಿರ ಅಮ್ಮ ಪಟ್ಟಿ ಹಿಡಿಯುವುದು ಮಾತ್ರ ನಿಂತಿಲ್ಲ. ಕಣ್ಣು ಸರಿಯಿದೆ ಎಂದರೆ, ಇವತ್ತು ಮೋಡ, ಮಧ್ಯಾಹ್ನ ಮತ್ತೆ ನೋಡಬೇಕು ಎನ್ನುತ್ತಾಳೆ.

ಆಫೀಸಿನಲ್ಲಿ ಸಣ್ಣ ವಿಚಿತ್ರ. ಕೇಕಿನ ಹೆಂಗಸು ಮತ್ತೆ ಅದೇ ಲಿಫ್ಟಿನಲ್ಲಿ ಸಿಕ್ಕಿಕೊಂಡಿದ್ದಳು. ನಾನು ಎಂದಿನಂತೆ ವರದಿ ಮಾಡಿದೆ: "ಗ್ರಾಹಕರು ಕುದಿಯುತ್ತಿದ್ದಾರೆ. ಬಾಗಿಲಿನ ಭಾಗ ಬದಲಿಸುತ್ತೇವೆಂದು ಹೇಳಿ ನಾವು ಬದಲಿಸಿಲ್ಲ. ಅವರ ಜಾಗದಲ್ಲಿ ನಾನಿದ್ದರೆ ಮ್ಯಾನೇಜರನ್ನು ನಿಧಾನ ಉರಿಯಲ್ಲಿ ಬೇಯಿಸುತ್ತಿದ್ದೆ." ಮ್ಯಾನೇಜರು ಕಾಗದ ಹಿಡಿದು ಬಂದು ನಿಂತರು. "ಮೇಡಂ, ಭಾಷೆ ಸ್ವಲ್ಪ ಖಾರ ಆಯ್ತಲ್ಲ?"

ಮತ್ತೆ ಮತ್ತೆ ಓದಿದೆ. ಎಲ್ಲಿ ಖಾರವೋ ತಿಳಿಯಲಿಲ್ಲ. 'ನಿಧಾನ ಉರಿ' ಎಂದು ಮೃದು ಮಾಡಿಯೇ ಬರೆದಿದ್ದೆ. ಬಾಗಿಲಿನ ಭಾಗ ಸಂಜೆಯೇ ಬದಲಾಯಿತು. ಕಾಕತಾಳೀಯವಿರಬಹುದು.

ಅಕ್ಟೋಬರ್ ೨೭, ಭಾನುವಾರ

ನಿನ್ನೆ ಕೊನೆಯ ಮಾತ್ರೆ. ಡಾಕ್ಟರು ಕುತ್ತಿಗೆ ಒತ್ತಿ ನೋಡಿ, ಬಾಡಿಗೆಯವರು ಖಾಲಿ ಮಾಡಿದ್ದಾರೆ ಎಂದರು. ನಿಮ್ಮ ಜೀನು ಕೊನೆಯವರೆಗೂ ನಿಧಾನವಾಗೇ ಇರುತ್ತದೆ, ಮುಂದೆ ಯಾವ ಡಾಕ್ಟರ ಹತ್ತಿರ ಹೋದರೂ ಮೊದಲು ಅದನ್ನು ಹೇಳಿ ಎಂದರು. ಹೇಳುತ್ತೇನೆ. ಹೇಳಿಕೊಳ್ಳುವಂಥದ್ದು ನನ್ನ ಬಳಿ ಬೇರೇನಿದೆ?

ಅಮ್ಮ ಸೂಟ್‌ಕೇಸು ತುಂಬಿ ಹೊರಟಿದ್ದಾಳೆ. ಬಣ್ಣದ ಪಟ್ಟಿಯನ್ನು ಸೀರೆಗಳ ನಡುವೆ ಇಟ್ಟುಕೊಂಡದ್ದನ್ನು ನಾವಿಬ್ಬರೂ ನೋಡಿದೆವು. ಇವರಿಗೆ ಅಂಗಡಿಯಲ್ಲಿ ಬೇರೆ ಇವೆ.

ಇನ್ನು ವಿಶೇಷವೇನಿಲ್ಲ. ಹೊರಡುವ ಮೊದಲು ಅಮ್ಮ ಅಡುಗೆಮನೆಯಿಂದ ಒಂದು ಲೋಟ ತಂದಳು. ಹಸಿರು, ಮಂದ, ಬುಡದಲ್ಲಿ ಏನೋ ಗಸಿ. ಪಕ್ಕದ ಮನೆಯಾಕೆ ಹೇಳಿಕೊಟ್ಟ ಕಷಾಯವಂತೆ. ರಕ್ತ ಶುದ್ಧಿಯಾಗಿ ದೇಹದ ನಂಜೆಲ್ಲ ಇಳಿದುಹೋಗುತ್ತದಂತೆ. ಬೆಳಿಗ್ಗೆಯೇ ಎದ್ದು ಕುದಿಸಿದ್ದಾಳೆ.

"ಬೇಡ ಅಮ್ಮ" ಎಂದೆ. ಬೇಡವಾಗಿತ್ತು, ಅದಕ್ಕೆ ಹೇಳಿದೆ.

ಇವರು ಪೇಪರಿನ ಹಿಂದೆ ಉಸಿರು ಬಿಗಿಹಿಡಿದರು. ಅಮ್ಮ ಲೋಟ ಹಿಡಿದು ಹಾಗೇ ನಿಂತಳು. ನನ್ನನ್ನು ನೋಡಿದಳು, ಲೋಟವನ್ನು ನೋಡಿದಳು, ಮತ್ತೆ ನನ್ನನ್ನು.

"ಬೇಡ ಅಂದರೆ ಬೇಡ" ಎಂದಳು. "ಈ ಮನೇಲಿ ಯಾರು ಯಾವತ್ತು ಯಾರಿಗೆ ಬಲವಂತ ಮಾಡಿದ್ದಾರೆ?"

ಇವರೂ ನಾನೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳಲಿಲ್ಲ. ಅಮ್ಮ ಒಳಗೆ ಹೋಗಿ ಲೋಟವನ್ನು ಸಿಂಕಿಗೆ ಸುರಿದಳು. ಆಮೇಲೂ ಬಹಳ ಹೊತ್ತು ನಲ್ಲಿಯ ಸದ್ದು ಕೇಳುತ್ತಿತ್ತು. ಒಂದು ಲೋಟ ತೊಳೆಯಲು ಅಷ್ಟು ನೀರು ಬೇಕಿರಲಿಲ್ಲ. ಆದರೆ ಅವಸರ ಮಾಡು ಎಂದು ನಾನು ಹೇಳಲಿಲ್ಲ. ಆ ನಿಧಾನದ ಜೀನಿನ ಅವಳ ಪಾಲಿನ ಪ್ರತಿಯೂ ನನ್ನಲ್ಲಿದೆಯಲ್ಲ.